ಪಾಯಿಂಟ್ ಒಂದು, ಪಾಯಿಂಟ್ ಮೂರು: ನಾನು ರಿದಮಿಕ್ ಜಿಮ್ನಾಸ್ಟಿಕ್ಸ್ ಜಡ್ಜ್ ಆದ ಬಗೆ

ಜರ್ಮನಿಯ ಕ್ಲಬ್‌ಗಳಲ್ಲಿ ಒಂದು ಪದ್ಧತಿ ಇದೆ. ಸ್ಪರ್ಧೆಗೆ ಮಕ್ಕಳನ್ನು ಕಳಿಸುವ ಕ್ಲಬ್ಬು ಜೊತೆಗೆ ಜಡ್ಜ್‌ಗಳನ್ನೂ ಕಳಿಸಬೇಕು. ಇಲ್ಲದಿದ್ದರೆ ದುಡ್ಡು ಕಟ್ಟಬೇಕು. ಹಾಗಾಗಿ ಮಕ್ಕಳನ್ನು ಬಿಡೋಕೆ ಬಂದು ಗೋಡೆಗೆ ಒರಗಿ ಮೊಬೈಲ್ ನೋಡುತ್ತಾ ಕೂರುವ ಅಪ್ಪ ಅಮ್ಮಂದಿರ ಮೇಲೆ ಕೋಚ್‌ಗಳ ಕಣ್ಣು ಸದಾ ಇರುತ್ತದೆ. ನಾನೂ ಹಾಗೇ ಸಿಕ್ಕಿಬಿದ್ದೆ. ನಾವಿರುವುದು ಸ್ಟುಟ್‌ಗಾರ್ಟ್ ಹತ್ತಿರ. ಮಗಳು ಕ್ಲಬ್ಬಿಗೆ ಸೇರಿದ್ದಳು. ನಾನು ಮೈಸೂರಿನಲ್ಲಿ ಭರತನಾಟ್ಯ ಕಲಿತು ಜೂನಿಯರ್ ಪರೀಕ್ಷೆ ಪಾಸಾಗಿದ್ದೇನೆ ಅಂತ ಅವಳು ಕೋಚ್ ಹತ್ತಿರ ಹೇಳಿಬಿಟ್ಟಿದ್ದಳು. ಮುಂದಿನ ಕೋರ್ಸಿನ ಪಟ್ಟಿಯಲ್ಲಿ ನನ್ನ ಹೆಸರು ಇತ್ತು.

ಈ ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. 13 ಮೀಟರ್ ಉದ್ದ, 13 ಮೀಟರ್ ಅಗಲದ ಕಾರ್ಪೆಟ್. ಅದರ ಮೇಲೆ ಒಬ್ಬಳೇ ಹುಡುಗಿ. ಕೈಯಲ್ಲಿ ಹೂಪ್, ಚೆಂಡು, ಒಂದು ಜೊತೆ ಕ್ಲಬ್ (ಮಕ್ಕಳು ಸೇರುವ ಕ್ಲಬ್ಬಲ್ಲ, ಗದೆಯಂಥ ಚಿಕ್ಕ ಕೋಲು) ಅಥವಾ ರಿಬ್ಬನ್. ಹಾಡು ಶುರುವಾಗಿ ಮುಗಿಯುವವರೆಗೆ ಒಂದೂಕಾಲರಿಂದ ಒಂದೂವರೆ ನಿಮಿಷ. ಐದು ಜನರ ಗುಂಪು ಸ್ಪರ್ಧೆ ಬೇರೆ ಇದೆ, ಅದಕ್ಕೆ ಸಮಯ ಜಾಸ್ತಿ. ಒಲಿಂಪಿಕ್ಸ್‌ನಲ್ಲಿ ಇದು ಹೆಂಗಸರಿಗೆ ಮಾತ್ರ. 1984ರ ಲಾಸ್ ಏಂಜಲೀಸ್‌ನಿಂದ ಒಂಟಿ ಸ್ಪರ್ಧೆ, 1996ರ ಅಟ್ಲಾಂಟಾದಿಂದ ಗುಂಪು ಸ್ಪರ್ಧೆ ನಡೆದುಕೊಂಡು ಬಂದಿದೆ. ಮೊದಲು ಹಗ್ಗವೂ ಇತ್ತು, ದೊಡ್ಡವರ ಒಂಟಿ ಸ್ಪರ್ಧೆಯಿಂದ ಅದನ್ನು ತೆಗೆದುಹಾಕಿದರು.

ಕೋರ್ಸಿನ ಮೊದಲ ದಿನವೇ ನನಗೆ ಒಂದು ವಿಷಯ ಅರ್ಥವಾಯಿತು. ಇಲ್ಲಿ ಯಾರೂ ಇಡೀ ಆಟವನ್ನು ನೋಡುವುದಿಲ್ಲ. ಜಡ್ಜ್‌ಗಳು ಒಂದೇ ಸಾಲಿನಲ್ಲಿ ಕೂತಿರುತ್ತಾರೆ, ಆದರೆ ಕೆಲಸ ಹಂಚಿಹೋಗಿರುತ್ತದೆ. ಡಿಬಿ ಅಂದರೆ ದೇಹದ ಕಷ್ಟ: ಜಿಗಿತ, ಸಮತೋಲ, ಸುತ್ತು. ಡಿಎ ಅಂದರೆ ಕೈಯಲ್ಲಿರುವ ಸಲಕರಣೆಯ ಕಷ್ಟ: ನೋಡದೇ ಹಿಡಿಯುವುದು, ಕೈ ಬಳಸದೇ ಹಿಡಿಯುವುದು, ಕಾಲ ಕೆಳಗಿನಿಂದ ಎಸೆಯುವುದು ಇತ್ಯಾದಿ. ಎ ಅಂದರೆ ಕಲೆ. ಇ ಅಂದರೆ ಮಾಡಿದ್ದನ್ನು ಎಷ್ಟು ಶುದ್ಧವಾಗಿ ಮಾಡಿದಳು ಅನ್ನುವುದು. ಕಲೆಗೂ ಶುದ್ಧತೆಗೂ ಹತ್ತು ಹತ್ತು ಅಂಕ, ಅಲ್ಲಿಂದ ಕಳೆಯುತ್ತಾ ಬರಬೇಕು. ಡಿಬಿ, ಡಿಎ ಸೇರಿದ ಕಷ್ಟದ ಅಂಕಕ್ಕೆ, ಅಂದರೆ ಡಿಗೆ, 2018ರಿಂದ ಮೇಲಿನ ಮಿತಿ ಇಲ್ಲ, ಸೇರಿಸುತ್ತಾ ಹೋಗಬೇಕು. ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಡಿಬಿಗೆ ಇಬ್ಬರು, ಡಿಎಗೆ ಇಬ್ಬರು, ಎ ಮತ್ತು ಇ ಎರಡಕ್ಕೂ ನಾಲ್ಕು ನಾಲ್ಕು ಜನ. ಎ, ಇ ನಾಲ್ವರಲ್ಲಿ ತೀರಾ ಜಾಸ್ತಿ ಕೊಟ್ಟವರದ್ದು, ತೀರಾ ಕಡಿಮೆ ಕೊಟ್ಟವರದ್ದು ತೆಗೆದುಹಾಕಿ ಮಧ್ಯದ ಇಬ್ಬರದ್ದು ಸರಾಸರಿ ಮಾಡುತ್ತಾರೆ. ನಮ್ಮ ಊರಿನ ಮಟ್ಟದಲ್ಲಿ ಅಷ್ಟು ಜನ ಎಲ್ಲಿ ಸಿಗ್ತಾರೆ? ಇದ್ದವರೇ ಹೊಂದಿಸಿಕೊಳ್ಳುತ್ತೇವೆ.

ನಿಜವಾದ ಕಷ್ಟ ಬರೆಯುವುದರಲ್ಲಿ. ಕಣ್ಣು ಕಾರ್ಪೆಟ್ ಬಿಟ್ಟು ಕದಲಬಾರದು, ಕೈ ಮಾತ್ರ ಕಾಗದದ ಮೇಲೆ ಓಡುತ್ತಿರಬೇಕು. ಅದಕ್ಕೇ ಈ ಆಟಕ್ಕೆ ತನ್ನದೇ ಚಿಹ್ನೆಗಳಿವೆ. ಪ್ರತಿ ಜಿಗಿತಕ್ಕೆ ಒಂದು, ಪ್ರತಿ ಸುತ್ತಿಗೆ ಒಂದು. ಎತ್ತರಕ್ಕೆ ಎಸೆದು, ಅದು ಗಾಳಿಯಲ್ಲಿರುವಾಗ ಕೆಳಗೆ ಕನಿಷ್ಠ ಎರಡು ಸುತ್ತು ಉರುಳಿ ಹಿಡಿದರೆ ಆರ್ ಅಂತ ಬರೆಯಬೇಕು. ಹೆಜ್ಜೆ ಕುಣಿತ ಬಂದರೆ ಎಸ್. ಅದು ಕನಿಷ್ಠ ಎಂಟು ಸೆಕೆಂಡು ಇರಬೇಕು. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿಯುತ್ತಿದ್ದ ಚಿಕ್ಕಮ್ಮ ರೇಡಿಯೋ ವಾರ್ತೆ ಹಾಕಿಕೊಂಡು ಪೆನ್ಸಿಲ್ ಓಡಿಸುತ್ತಿದ್ದಂತೆ ನಾನೂ ಯೂಟ್ಯೂಬ್ ಹಾಕಿಕೊಂಡು ಅಡುಗೆಮನೆ ಟೇಬಲ್ ಮೇಲೆ ಓಡಿಸಿದೆ. ಮೊದಮೊದಲು ಬರೆದದ್ದು ನನಗೇ ಓದೋಕೆ ಬರುತ್ತಿರಲಿಲ್ಲ. ಸಾಲುಗಳು ಒಂದರ ಮೇಲೊಂದು ಹತ್ತಿರುತ್ತಿದ್ದವು. ಆಮೇಲೆ ಎಡಗೈ ಹೆಬ್ಬೆರಳನ್ನು ಸಾಲಿನ ಪಕ್ಕ ಇಟ್ಟು ಕೆಳಕ್ಕೆ ಜಾರಿಸುವುದನ್ನು ರೂಢಿ ಮಾಡಿಕೊಂಡೆ. ಕಲಿಯುವವರಿಗೆ ಈಗಲೂ ಮೊದಲು ಹೇಳಿಕೊಡುವುದು ಅದನ್ನೇ.

ಇನ್ನೊಂದು ಉಪಾಯ: ವಿಡಿಯೊ ನಿಲ್ಲಿಸಬೇಡಿ, ಹಿಂದಕ್ಕೆ ಓಡಿಸಬೇಡಿ. ಹಾಲ್‌ನಲ್ಲಿ ಅದೆಲ್ಲ ನಡೆಯೋದಿಲ್ಲ. ಒಂದು ಸಲ ನೋಡಿ, ಬರೆದು, ಅಂಕ ಹಾಕಿ, ಆಮೇಲೆ ಪರದೆಯ ಮೇಲೆ ಬರುವ ನಿಜವಾದ ಇ ಅಂಕದ ಜೊತೆ ಹೋಲಿಸಿ. ದೊಡ್ಡ ಸ್ಪರ್ಧೆಗಳಲ್ಲಿ ಡಿ, ಎ, ಇ ಬೇರೆ ಬೇರೆ ತೋರಿಸುತ್ತಾರೆ, ಅದೇ ನಮ್ಮ ಉತ್ತರಪತ್ರಿಕೆ.

ನಾನು ಅತಿ ಹೆಚ್ಚು ಕೂತಿದ್ದು ಇ ಕುರ್ಚಿಯಲ್ಲಿ. ಅಲ್ಲಿ ಕೂತರೆ ಮನುಷ್ಯ ಸ್ವಲ್ಪ ಜಿಪುಣ ಆಗಿಬಿಡುತ್ತಾನೆ. ಮೊಣಕಾಲು ಚೂರು ಮಡಚಿತಾ, ಪಾಯಿಂಟ್ ಒಂದು, ಅಂದರೆ 0.1 ಕಟ್. ಪಾದದ ತುದಿ ಸಡಿಲ ಬಿಟ್ಟಳಾ, ಇನ್ನೊಂದು. ಸಮತೋಲ ಪೂರ್ತಿ ತಪ್ಪಿ ಬಿದ್ದರೆ 0.7. ಸಲಕರಣೆ ಕೈ ತಪ್ಪಿದರೆ ಲೆಕ್ಕ ಬೇರೆ. ನಿಂತ ಜಾಗದಲ್ಲೇ ಎತ್ತಿಕೊಂಡರೆ 0.5. ಒಂದೆರಡು ಹೆಜ್ಜೆ ಹೋಗಿ ತಂದರೆ 0.7. ಮೂರು ಅಥವಾ ಜಾಸ್ತಿ ಹೆಜ್ಜೆ ಆದರೆ ಪೂರ್ತಿ ಒಂದು ಅಂಕ.

ಈ ಹೆಜ್ಜೆ ಲೆಕ್ಕ ಕಾಗದದಲ್ಲಿ ಸುಲಭ. ಎದುರಿಗೆ ನಡೆದಾಗ ನೋಡಬೇಕು. ಒಂದು ಸ್ಪರ್ಧೆಯಲ್ಲಿ ನೀಲಿ ಲಿಯೋಟಾರ್ಡ್ ಹಾಕಿದ ಹುಡುಗಿ, ಹದಿಮೂರರ ಆಸುಪಾಸು, ಎರಡೂ ಕ್ಲಬ್‌ಗಳನ್ನು ಮೇಲೆಸೆದಳು. ಕೆಳಗೆ ಎರಡು ಸುತ್ತು ಚೆನ್ನಾಗೇ ಆಯಿತು. ಒಂದು ಕ್ಲಬ್ ಕೈಗೆ ಬಂತು, ಇನ್ನೊಂದು ಬೆರಳಿಗೆ ತಾಗಿ ಜಾರಿತು. ಕ್ಲಬ್ ಬಿದ್ದರೆ ನೇರಕ್ಕೆ ಉರುಳುವುದಿಲ್ಲ. ಒಂದು ತುದಿ ದಪ್ಪ, ಇನ್ನೊಂದು ಸಪೂರ, ಹಾಗಾಗಿ ಕಮಾನು ಹಾಕಿಕೊಂಡು ತಿರುಗುತ್ತದೆ. ಅವಳು ಅದರ ಹಿಂದೆ ಓಡಲಿಲ್ಲ. ಅದು ತಿರುಗಿ ಎಲ್ಲಿಗೆ ಬರುತ್ತದೆ ಅಂತ ನೋಡಿ, ಹಾಡಿನ ತಾಳಕ್ಕೆ ಎರಡು ಹೆಜ್ಜೆ ಪಕ್ಕಕ್ಕೆ ಹಾಕಿ, ಬಗ್ಗಿ ಎತ್ತಿಕೊಂಡಳು. ಪ್ರೇಕ್ಷಕರಲ್ಲಿ ಅರ್ಧ ಜನಕ್ಕೆ ಅದು ನೃತ್ಯದ ಭಾಗ ಅನ್ನಿಸಿರಬೇಕು, ಚಪ್ಪಾಳೆ ಬಂತು. ನಾನು 0.7 ಬರೆದೆ. ಆ ಕಡೆ ಡಿ ಕುರ್ಚಿಯಲ್ಲಿ ಆ ಆರ್ ಕೂಡ ಹೋಯಿತು, ಯಾಕೆಂದರೆ ಹಿಡಿಯದಿದ್ದರೆ ಲೆಕ್ಕಕ್ಕಿಲ್ಲ. ಅಂದರೆ ಒಂದು ಸಲ ಬಿದ್ದರೆ ಎರಡು ಕಡೆ ಪೆಟ್ಟು. ಆದರೂ ಓಡಿಹೋಗಿದ್ದರೆ 1.0 ಆಗುತ್ತಿತ್ತು. ಅರ್ಧ ಸೆಕೆಂಡಿನಲ್ಲಿ 0.3 ಉಳಿಸಿಕೊಂಡ ಹುಡುಗಿಯ ಮೇಲೆ ನನಗೆ ಭಾರಿ ಗೌರವ ಬಂತು. ಗೌರವಕ್ಕೆ ಅಂಕ ಕೊಡೋಕೆ ನಮ್ಮ ಹಾಳೆಯಲ್ಲಿ ಜಾಗ ಇಲ್ಲ, ಬಿಡಿ.

ಟೋಕಿಯೊ ಒಲಿಂಪಿಕ್ಸ್ ಫೈನಲ್ ನನಗೆ ಅರ್ಥವಾಗಿದ್ದು ಇದೆಲ್ಲ ಕಲಿತ ಮೇಲೆಯೇ. 2021ರ ಆಗಸ್ಟ್‌ನಲ್ಲಿ ನಡೆದದ್ದು. ಇಸ್ರೇಲಿನ ಲಿನೊಯ್ ಅಶ್ರಾಮ್ ಕೊನೆಯಲ್ಲಿ ರಿಬ್ಬನ್ ಬೀಳಿಸಿದಳು. ಆದರೂ ಚಿನ್ನ ಅವಳಿಗೇ ಬಂತು. 2000ದಿಂದ 2016ರವರೆಗೆ ಒಂಟಿ ಸ್ಪರ್ಧೆಯ ಚಿನ್ನವೆಲ್ಲ ರಷ್ಯಾಕ್ಕೇ ಹೋಗಿತ್ತು. ಈ ಸಲ ದಿನಾ ಅವೆರಿನಾಗೆ ಬೆಳ್ಳಿ. ರಷ್ಯಾದವರು ಅನ್ಯಾಯ ಅಂತ ದೊಡ್ಡ ಗಲಾಟೆ ಎಬ್ಬಿಸಿದರು. ನಮ್ಮ ಕ್ಲಬ್ಬಿನ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲೂ ಜಗಳ ಆಗಿತ್ತು. "ರಿಬ್ಬನ್ ಬಿದ್ದವಳಿಗೆ ಚಿನ್ನ ಹೇಗೆ?" ಅನ್ನುವುದೇ ಎಲ್ಲರ ಪ್ರಶ್ನೆ.

ಅಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡಿ. ಅಶ್ರಾಮ್‌ಗೆ ಹೂಪ್ 27.550, ಚೆಂಡು 28.300, ಕ್ಲಬ್ 28.650. ಅವೆರಿನಾಗೆ 27.200, 28.300, 28.150. ಮೂರು ಮುಗಿದಾಗ ಅಶ್ರಾಮ್ 0.85 ಮುಂದೆ ಇದ್ದಳು. ರಿಬ್ಬನ್‌ನಲ್ಲಿ ಅವಳಿಗೆ 23.300, ಅವೆರಿನಾಗೆ 24.000. ಬಿದ್ದದ್ದಕ್ಕೆ ಬೆಲೆ ತೆತ್ತಳು, 0.7 ಹಿಂದೆ ಬಿದ್ದಳು. ಆದರೆ ಕೈಯಲ್ಲಿ 0.85 ಇತ್ತಲ್ಲ. ಒಟ್ಟು 107.800, 107.650. ಉಳಿದದ್ದು 0.15. ಆ 0.15 ಕೊನೆಯ ನಿಮಿಷದಲ್ಲಿ ಬಂದದ್ದಲ್ಲ, ಹೂಪ್ ಮತ್ತು ಕ್ಲಬ್‌ನಲ್ಲಿ ಮೊದಲೇ ಕೂಡಿಟ್ಟದ್ದು. ಆ ಮೂರು ಆಟಗಳಿಗೆ ಕೊಟ್ಟ ಅಂಕ ಸರಿಯಿತ್ತಾ ಅಂತ ಬೇಕಾದರೆ ಜಗಳ ಆಡಿ, ಅದು ನ್ಯಾಯವಾದ ಜಗಳ. ರಿಬ್ಬನ್ ಬಿದ್ದಮೇಲೂ ಚಿನ್ನ ಹೇಗೆ ಅನ್ನುವುದಕ್ಕೆ ಮಾತ್ರ ಉತ್ತರ ಕೂಡಿಸುವ ಲೆಕ್ಕದಲ್ಲೇ ಇದೆ.

ನಾಲ್ಕರಲ್ಲಿ ರಿಬ್ಬನ್‌ನ ಅಂಕ ಇಬ್ಬರಿಗೂ ಕಡಿಮೆ ಇದೆ, ಗಮನಿಸಿದಿರಾ? ದೊಡ್ಡವರಿಗೆ ಆರು ಮೀಟರ್ ಉದ್ದದ ಬಟ್ಟೆ ಅದು. ತುದಿಯವರೆಗೂ ಸುರುಳಿ ಇರಬೇಕು, ನೆಲದ ಮೇಲೆ ಸತ್ತು ಬಿದ್ದಿರಬಾರದು, ಮೈಗೆ ಸುತ್ತಿಕೊಳ್ಳಬಾರದು, ಗಂಟು ಬೀಳಬಾರದು. ಎಸಿ ಗಾಳಿ ಬಂದರೂ ಕೆಲಸ ಕೆಟ್ಟಿತು. ನಮ್ಮ ಹಾಲ್‌ನಲ್ಲಿ ರಿಬ್ಬನ್ ಶುರುವಾದಾಗ ಯಾರಾದರೂ ಹೊರಬಾಗಿಲು ತೆರೆದರೆ ಕೋಚ್‌ಗಳೆಲ್ಲ ಒಟ್ಟಿಗೆ ಕಿರುಚುತ್ತಾರೆ.

ಟೋಕಿಯೊ ಅಂಕಕ್ಕೂ ಪ್ಯಾರಿಸ್ ಅಂಕಕ್ಕೂ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. 2024ರಲ್ಲಿ ಗೆದ್ದ ದಾರ್ಯಾ ವಾರ್ಫೊಲೊಮೇಯೆವ್‌ಗೆ 142.850. ಅಶ್ರಾಮ್‌ಗಿಂತ 35 ಅಂಕ ಜಾಸ್ತಿ ಚೆನ್ನಾಗಿ ಆಡಿದಳು ಅಂತಲ್ಲ. 2022ರಿಂದ ಕಲೆಯ ಹತ್ತು ಅಂಕವನ್ನು ಬೇರೆ ಮಾಡಿದರು. ನಾಲ್ಕು ಸಲಕರಣೆಗೂ ಹತ್ತು ಹತ್ತು ಸೇರಿದರೆ ಒಟ್ಟು ಎಲ್ಲಿಗೆ ಹೋಗುತ್ತದೆ ನೋಡಿ.

ದಾರ್ಯಾ ಬಗ್ಗೆ ಹೇಳದೇ ಇರೋಕಾಗಲ್ಲ. ಅವಳು ಅಭ್ಯಾಸ ಮಾಡುವ ಶ್ಮಿಡೆನ್ ನಮ್ಮ ಪಕ್ಕದಲ್ಲೇ ಇದೆ. ಹುಟ್ಟಿದ್ದು ಸೈಬೀರಿಯಾದ ಬರ್ನೌಲ್‌ನಲ್ಲಿ. ಹನ್ನೆರಡನೇ ವಯಸ್ಸಿಗೆ ಮನೆಯವರನ್ನು ಬಿಟ್ಟು ಒಬ್ಬಳೇ ಜರ್ಮನಿಗೆ ಬಂದಳು. ಕೋಚ್ ಯೂಲಿಯಾ ರಾಸ್ಕಿನಾ, 2000ದ ಸಿಡ್ನಿಯಲ್ಲಿ ಬೆಲಾರುಸ್‌ಗೆ ಬೆಳ್ಳಿ ಗೆದ್ದವರು. 2023ರಲ್ಲಿ ವೆಲೆನ್ಸಿಯಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದಾರ್ಯಾ ಐದಕ್ಕೆ ಐದೂ ಒಂಟಿ ಚಿನ್ನ ಬಾಚಿಕೊಂಡಳು. ಮರುವರ್ಷ ಪ್ಯಾರಿಸ್. ಅಲ್ಲಿ ಬಲ್ಗೇರಿಯಾದ ಬೊರ್ಯಾನಾ ಕಲೇಯ್ನ್ ಎರಡನೇ ಸ್ಥಾನ, ಇಟಲಿಯ ಸೋಫಿಯಾ ರಾಫಾಯೆಲ್ಲಿ ಮೂರನೇ ಸ್ಥಾನ. ಒಂಟಿ ಸ್ಪರ್ಧೆಯಲ್ಲಿ ಜರ್ಮನಿಗೆ ಅದಕ್ಕೂ ಹಿಂದೆ ಒಲಿಂಪಿಕ್ಸ್ ಪದಕ ಬಂದಿದ್ದು 1984ರಲ್ಲಿ, ರೆಗಿನಾ ವೇಬರ್ ಗೆದ್ದ ಕಂಚು. ಪ್ಯಾರಿಸ್ ಆದಮೇಲೆ ನಮ್ಮ ಕ್ಲಬ್ಬಿಗೆ ಸೇರೋಕೆ ಬಂದ ಪುಟಾಣಿಗಳ ಸಾಲು ನೋಡಬೇಕಿತ್ತು. ಆ ಮಕ್ಕಳಿಗೆಲ್ಲ ಮೊದಲ ದಿನವೇ ರಿಬ್ಬನ್ ಬೇಕು. ಕೈಯಲ್ಲಿ ಏನೂ ಇಲ್ಲದ ಆಟದಿಂದ ಶುರು ಮಾಡಬೇಕು ಅಂದರೆ ಮುಖ ಸಪ್ಪೆ.

ದಾರ್ಯಾ ಆಟ ನೋಡುವಾಗ ನಾನು ಕೈಗೆ ಪೆನ್ಸಿಲ್ ತಗೊಂಡರೂ ಬಹಳ ಹೊತ್ತು ಖಾಲಿ ಕೂರುತ್ತೇನೆ. ಎಸೆದದ್ದು ಎಲ್ಲಿ ಬೀಳುತ್ತದೋ ಅವಳು ಅಲ್ಲೇ ಇರುತ್ತಾಳೆ. ಹುಡುಕುವ ಹೆಜ್ಜೆ ಅಂತ ಒಂದು ಇರುತ್ತದೆ. ಚೆಂಡು ಮೇಲೆ ಹೋದಮೇಲೆ ಹುಡುಗಿ ಚಿಕ್ಕದಾಗಿ ಜಾಗ ಸರಿಮಾಡಿಕೊಳ್ಳುವುದು. ಟಿವಿಯಲ್ಲಿ ಅದು ಕಾಣಿಸೋದಿಲ್ಲ. ಇ ಕುರ್ಚಿಯಲ್ಲಿ ಸ್ವಲ್ಪ ಕಾಲ ಕೂತವರಿಗೆ ಮೊದಲು ಕಾಣಿಸುವುದೇ ಅದು.

ಭರತನಾಟ್ಯ ಸಹಾಯ ಮಾಡಿತಾ ಅಂತ ಊರಿನವರು ಕೇಳುತ್ತಾರೆ. ಕಲೆಯ ಕುರ್ಚಿಯಲ್ಲಿ ಮಾಡಿತು. ಹಾಡು ಒಂದು ಕಡೆ, ಮೈ ಒಂದು ಕಡೆ ಹೋದರೆ ನನಗೆ ಬೇಗ ತಿಳಿಯುತ್ತದೆ, ತಾಳ ಹಾಕಿ ಬೆಳೆದ ಕೈ ತಾನಾಗೇ ಟೇಬಲ್ ತಟ್ಟುತ್ತದೆ. ಶುದ್ಧತೆಯ ಕುರ್ಚಿಯಲ್ಲಿ ಮಾತ್ರ ಕಾಟ ಕೊಟ್ಟಿತು. ಅರೆಮಂಡಿ ಚೆಂದ ಅಂತ ಕಲಿತ ಕಣ್ಣಿಗೆ ಮಡಚಿದ ಮೊಣಕಾಲು ತಪ್ಪಾಗಿ ಕಾಣಬೇಕಾದರೆ ಕಾಲ ಬೇಕು. ಅಂದಹಾಗೆ ಜಡ್ಜ್‌ಗಳ ಉಡುಪು ಕಡು ಬಣ್ಣದ ಪ್ಯಾಂಟು ಕೋಟು, ಬಿಳಿ ಅಂಗಿ. ಕಡು ನೀಲಿ ಸೀರೆ ಉಡಬಹುದಾ ಅಂತ ಕೇಳಿದ್ದೆ. ಎಲ್ಲರೂ ನಕ್ಕರು, ಉತ್ತರ ಯಾರೂ ಕೊಡಲಿಲ್ಲ.

ಮಗಳ ವಿಷಯಕ್ಕೆ ಬಂದರೆ, ಅವಳ ಗುಂಪಿನ ಸರದಿ ಬಂದಾಗ ನಾನು ಕುರ್ಚಿ ಬಿಟ್ಟು ಏಳುತ್ತೇನೆ. ಬೇರೆ ವಯಸ್ಸಿನವರಿಗೆ ಅಂಕ ಹಾಕುವವರ ಜೊತೆ ಬದಲಾಯಿಸಿಕೊಳ್ಳುತ್ತೇನೆ. ಜನ ಕಡಿಮೆ ಇದ್ದಾಗ "ಪರವಾಗಿಲ್ಲ, ಕೂತ್ಕೊಳ್ಳಿ" ಅನ್ನುವವರು ಇರುತ್ತಾರೆ. ನಾನು ಕೂರುವುದಿಲ್ಲ. ಜಾಸ್ತಿ ಕೊಟ್ಟರೂ ಮಾತು, ಕಡಿಮೆ ಕೊಟ್ಟರೂ ಮಾತು. ಅದಕ್ಕಿಂತ ಹೆಚ್ಚಾಗಿ, ನನ್ನ ಮಗಳ ಮೊಣಕಾಲಿನಲ್ಲಿ ನಾನು ತಪ್ಪು ಹುಡುಕುತ್ತಾ ಕೂರುವುದು ನನಗೇ ಇಷ್ಟ ಇಲ್ಲ. ಆದರೂ ಮನೆಗೆ ಹೋಗುವಾಗ ಕಾರಿನಲ್ಲಿ ಶುರು ಮಾಡುತ್ತಾಳೆ. "ಅಮ್ಮಾ, ನಿಜ ಹೇಳು, ನೀನಾಗಿದ್ದರೆ ಎಷ್ಟು ಕಟ್ ಮಾಡ್ತಿದ್ದೆ?" ಅಂತ. "ನಾನು ನೋಡಲೇ ಇಲ್ಲ ಕಣೇ, ಕಾಫಿ ಕುಡಿಯೋಕೆ ಹೋಗಿದ್ದೆ" ಅನ್ನುತ್ತೇನೆ. ಅವಳು ನಂಬುವುದಿಲ್ಲ.

ಕೋಚ್‌ಗಳು ಬಂದು ವಾದ ಮಾಡುವುದೂ ಉಂಟು. ನಿಯಮ ಸ್ಪಷ್ಟ ಇದೆ: ಕಷ್ಟದ ಅಂಕದ ಬಗ್ಗೆ ಮಾತ್ರ ಪ್ರಶ್ನೆ ಎತ್ತಬಹುದು. ಕಲೆ, ಶುದ್ಧತೆ ಎರಡಕ್ಕೂ ಮೇಲ್ಮನವಿ ಇಲ್ಲ. ಇ ಜಡ್ಜ್‌ಗೆ ಇದೊಂದು ರಕ್ಷಣೆ, ಆದರೆ ಇದರಲ್ಲಿ ಅಪಾಯವೂ ಇದೆ ಅಂತ ನನಗನ್ನಿಸುತ್ತದೆ. ನಾನು ಬರೆದ 0.3 ಯಾಕೆ ಅಂತ ನನ್ನನ್ನು ಯಾರೂ ಕೇಳುವ ಹಾಗಿಲ್ಲ. ಅದಕ್ಕೇ ನನ್ನ ಹಾಳೆಗಳನ್ನು ಎಸೆಯುವುದಿಲ್ಲ. ಬೇರೆ ಜಡ್ಜ್‌ಗಳಿಗಿಂತ ನನ್ನ ಅಂಕ ಎಲ್ಲಿ ದೂರ ಹೋಗಿದೆ ಅಂತ ಸ್ಪರ್ಧೆ ಮುಗಿದಮೇಲೆ ಒಮ್ಮೆ ತಿರುವಿ ನೋಡುತ್ತೇನೆ.

ಒಲಿಂಪಿಕ್ಸ್ ಮುಗಿದ ಕೂಡಲೇ ನಿಯಮದ ಪುಸ್ತಕ ಬದಲಾಗುತ್ತದೆ, ಲೈಸೆನ್ಸ್ ಮತ್ತೆ ಮಾಡಿಸಬೇಕು. 2025ರಿಂದ ಹೊಸದು ಜಾರಿಗೆ ಬಂದಿದೆ. ಕೈಗೆ ಕೂತಿದ್ದ ಕೆಲವು ಲೆಕ್ಕಗಳನ್ನು ಬಿಡಿಸಿ ಹೊಸದನ್ನು ಕೂರಿಸುತ್ತಿದ್ದೇನೆ. ಬರುವ ಶನಿವಾರ ನನ್ನನ್ನು ಡಿಎಗೆ ಹಾಕಿದ್ದಾರೆ, ಅದೂ ಕ್ಲಬ್‌ಗೆ. ಎರಡು ಕೈಯಲ್ಲಿ ಎರಡು ಸಲಕರಣೆ, ಬರೆಯುವುದು ಒಂದೇ ಕೈ. ಇವತ್ತು ರಾತ್ರಿ ಊಟ ಆದಮೇಲೆ ಟೇಬಲ್ ಖಾಲಿ ಮಾಡಿಕೊಡಿ ಅಂತ ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ.