ಹಳೇ ಶೆವಿ ಟ್ರಕ್ಕಿಗೆ ಕಮ್ಮಿ ದುಡ್ಡಲ್ಲಿ ರೇಡಿಯೇಟರ್ ಹೊಂದಿಸಿದ್ದು

ಡಲ್ಲಾಸ್ ಹತ್ರ ಇರೋ ನಮ್ಮನೆ ಗ್ಯಾರೇಜಲ್ಲಿ 1978ರ ಶೆವ್ರೊಲೆ ಸಿ10 ಪಿಕಪ್ ಇದೆ. ತಗೊಂಡಾಗ ಅದರಲ್ಲಿದ್ದ 250 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್ ಪೂರ್ತಿ ಸವೆದು ಹೋಗಿತ್ತು, ಅದನ್ನ ಇಳಿಸಿ 2004ರ ಸಿಲ್ವರಾಡೋ (ಶೆವಿದೇ ಹೊಸ ಪಿಕಪ್) ಟ್ರಕ್ಕಿನ 5.3 ಲೀಟರ್ ವಿ8 ಎಂಜಿನ್ ಕೂರಿಸ್ದೆ. ಎಂಜಿನ್ ಮೂರು ವೀಕೆಂಡಲ್ಲಿ ಕೂತ್ಕೊಳ್ತು, ರೇಡಿಯೇಟರ್ ಮಾತ್ರ ಎರಡು ತಿಂಗಳು ತಿಂತು.

ಮೊದಲು ಮಾಡಿದ ತಪ್ಪು ಹೇಳ್ಬಿಡ್ತೀನಿ. ಆನ್‌ಲೈನಲ್ಲಿ ಫಳಫಳ ಹೊಳೆಯೋ ಅಲ್ಯೂಮಿನಿಯಂ ರೇಡಿಯೇಟರ್, ಮೂರು ಸಾಲು ಟ್ಯೂಬು, ಕಮ್ಮಿ ರೇಟು ಅಂತ ನೋಡಿ ತರಿಸ್ದೆ. ಅದು ಶೆವಿಯ ಹಳೇ ಕಾಲದ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗೆ ಮಾಡಿದ್ದು, ಮೇಲಿನ ಪೈಪು ಒಂದು ಕಡೆ ಕೆಳಗಿನ ಪೈಪು ಇನ್ನೊಂದು ಕಡೆ. ಆದ್ರೆ 5.3ರಲ್ಲಿ ವಾಟರ್ ಪಂಪಿನ ಎರಡೂ ಬಾಯಿ ಪ್ಯಾಸೆಂಜರ್ ಸೈಡಲ್ಲೇ ಇರುತ್ತೆ, ಹಾಗಾಗಿ ಒಂದು ಹೋಸ್ ಎಂಜಿನ್ ಮುಂದೆ ಅಡ್ಡ ಹಾಯಿಸ್ಬೇಕಾಯ್ತು, ಬೆಲ್ಟಿಗೂ ಅದಕ್ಕೂ ಬೆರಳು ತೂರೋಷ್ಟೂ ಜಾಗ ಇರ್ಲಿಲ್ಲ. ಎರಡನೇ ವಾರಕ್ಕೆ ಗ್ಯಾರೇಜಲ್ಲಿ ಸಿಹಿ ಸಿಹಿ ವಾಸನೆ, ಅಂದ್ರೆ ಕೂಲೆಂಟ್ (ಎಂಜಿನ್ ತಂಪು ಮಾಡೋ ದ್ರವ) ಎಲ್ಲೋ ಸೋರ್ತಿದೆ. ಪಾರ್ಟ್ಸ್ ಅಂಗಡಿಯಿಂದ ಡಿಪಾಸಿಟ್ ಕೊಟ್ಟು ಪ್ರೆಶರ್ ಟೆಸ್ಟರ್ ತಂದು ರೇಡಿಯೇಟರ್ ಒಳಗೆ 15 ಪಿಎಸ್‌ಐ ಒತ್ತಡ ಬರೋ ಹಾಗೆ ಪಂಪ್ ಮಾಡಿ ಟಾರ್ಚ್ ಹಿಡ್ಕೊಂಡು ಕೂತೆ. ರೇಡಿಯೇಟರ್ ಟ್ಯಾಂಕಿನ ವೆಲ್ಡ್ ಹತ್ರ ಸಾಸಿವೆ ಕಾಳಷ್ಟು ಕಿತ್ತಳೆ ಬಣ್ಣದ ಹನಿ ಮೂಡ್ತು, ಒರೆಸಿದ್ರೆ ಮತ್ತೆ ಅದೇ ಜಾಗದಲ್ಲಿ ಇನ್ನೊಂದು.

ಆಮೇಲೆ ಕೂತು ಸರಿಯಾಗಿ ಯೋಚನೆ ಮಾಡ್ದೆ. ಸಾಲು ಎಷ್ಟು ಅನ್ನೋದು ನಂಬೋ ಲೆಕ್ಕ ಅಲ್ಲ, ಒಂದೊಂದು ಇಂಚು ಅಗಲದ ಎರಡು ಸಾಲು ಸಣ್ಣ ಟ್ಯೂಬಿನ ಮೂರು ಸಾಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಅದಕ್ಕಿಂತ ಮುಖ್ಯ ಎದುರಿಂದ ಗಾಳಿ ಬಡಿಯೋ ಅಗಲ. ಟ್ರಕ್ಕಿನ ಹಳೇ ತಾಮ್ರದ ರೇಡಿಯೇಟರಿಗೆ ಹೊಸ ಕೋರ್ (ಟ್ಯೂಬುಗಳಿರೋ ನಡುವಿನ ಭಾಗ) ಹಾಕ್ಸೋಣ ಅಂದ್ರೆ ಅಂಗಡಿಯವ್ರು ಹೇಳಿದ ರೇಟಿಗೆ ಹೊಸದೇ ಬರ್ತಿತ್ತು. ಕೊನೆಗೆ ಹೊಳೆದಿದ್ದು ಇಷ್ಟೇ, ಈ ಎಂಜಿನ್ ಫ್ಯಾಕ್ಟರಿಯಿಂದ ಯಾವ ರೇಡಿಯೇಟರ್ ಜೊತೆ ಬಂತೋ ಅದನ್ನೇ ಯಾಕೆ ಹಾಕ್ಬಾರ್ದು? ಟೇಪ್ ಹಿಡಿದು ಕೋರ್ ಸಪೋರ್ಟ್, ಅಂದ್ರೆ ರೇಡಿಯೇಟರ್ ಕೂರೋ ಮುಂದಿನ ಚೌಕಟ್ಟು, ಅಳೆದೆ, 34 ಇಂಚಿನ ಕೋರ್ ಹಿಡಿಯೋಷ್ಟು ಜಾಗ ಇತ್ತು, ಆ ಕಾಲದ ಟ್ರಕ್ಕಿಗೂ ದೊಡ್ಡ ರೇಡಿಯೇಟರ್ ಬರ್ತಿತ್ತಲ್ಲ. ಸಿಲ್ವರಾಡೋಗೆ ಸಿಗೋ ಪ್ಲಾಸ್ಟಿಕ್ ಟ್ಯಾಂಕ್, ಅಲ್ಯೂಮಿನಿಯಂ ಕೋರಿನ ಮಾಮೂಲಿ ರೇಡಿಯೇಟರ್ 170 ಡಾಲರಿಗೆ ತಂದೆ, ಕೆಳಗಿನ ಬ್ರಾಕೆಟ್ ಬದಲಾಯಿಸಿ ರಬ್ಬರ್ ಪ್ಯಾಡ್ ಮೇಲೆ ಕೂರಿಸ್ದೆ. ಗೇರ್‌ಬಾಕ್ಸ್ ಆಯಿಲ್ ಕೂಲರ್ ಅದರ ಟ್ಯಾಂಕಲ್ಲೇ ಇದೆ.

ಇದಕ್ಕೆ ಮೇಲೆ ಕ್ಯಾಪ್ ಇರಲ್ಲ, ಪ್ರೆಶರ್ ಕ್ಯಾಪ್ ಇರೋ ಸರ್ಜ್ ಟ್ಯಾಂಕ್ (ಕೂಲೆಂಟ್ ತುಂಬೋ ಪುಟ್ಟ ಟ್ಯಾಂಕು) ಬೇರೆ ಬೇಕು, ಅದು ಗುಜರಿ ಯಾರ್ಡಲ್ಲಿ ಸಿಕ್ತು. ಸ್ಟೀಮ್ ಲೈನ್ ಮಾತ್ರ ದಯವಿಟ್ಟು ಯಾರೂ ಮುಚ್ಚಬೇಡಿ. ಈ ಎಂಜಿನ್ನಿನ ಹೆಡ್ಡುಗಳ (ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಭಾಗ) ಮೇಲ್ಭಾಗದಲ್ಲಿ ಗಾಳಿ, ಹಬೆ ಸಿಕ್ಕಾಕೊಳ್ಳುತ್ತೆ, ಅದು ಹೊರಗೆ ಬರೋಕೆ ಅಂತಲೇ ಆ ಸಣ್ಣ ಪೈಪು ಇರೋದು, ಮುಚ್ಚಿದ್ರೆ ಗೇಜಲ್ಲಿ ಎಲ್ಲಾ ಸರಿ ಕಾಣ್ತಿದ್ರೂ ಒಳಗೆ ಹೆಡ್ ಒಂದೇ ಕಡೆ ಕಾಯ್ತಿರುತ್ತೆ. ಮೊದಲ ರೇಡಿಯೇಟರಲ್ಲಿ ಅದಕ್ಕೆ ಜಾಗವೇ ಇರ್ಲಿಲ್ಲ.

ಫ್ಯಾನು 2005ರ ಸಿಲ್ವರಾಡೋದ ಜೋಡಿ ಎಲೆಕ್ಟ್ರಿಕ್ ಫ್ಯಾನು, ಶ್ರೌಡ್ (ಫ್ಯಾನಿನ ಸುತ್ತ ಕೋರ್ ಮುಚ್ಚೋ ಕವಚ) ಸಮೇತ, ಅದೂ ಯಾರ್ಡಿಂದಲೇ. ಶ್ರೌಡ್ ಇಲ್ದಿದ್ರೆ ಫ್ಯಾನ್ ತನ್ನ ಎದುರಿರೋ ಗುಂಡಗಿನ ಜಾಗದಿಂದ ಮಾತ್ರ ಗಾಳಿ ಎಳೆಯುತ್ತೆ, ಮಿಕ್ಕ ಕೋರ್ ದಂಡ. ಸಿಗ್ನಲಲ್ಲಿ ನಿಂತಾಗ ಮಾತ್ರ ಬಿಸಿ ಏರ್ತಿದ್ರೆ ಮೊದಲು ಫ್ಯಾನು, ಶ್ರೌಡ್ ನೋಡಿ, ಹೈವೇಲಿ ಏರಿದ್ರೆ ರೇಡಿಯೇಟರ್ ಸಾಲ್ತಿಲ್ಲ ಇಲ್ಲಾ ನೀರಿನ ಓಟ ಕಟ್ಟಿದೆ ಅಂತ ಅನುಮಾನ ಪಡಿ.

ಕೂಲೆಂಟ್ ತುಂಬುವಾಗ ಟ್ರಕ್ಕಿನ ಮೂತಿ ರ್‍ಯಾಂಪ್ ಮೇಲೆ ಎತ್ತಿ ನಿಲ್ಲಿಸ್ದೆ, ಗಾಳಿ ಗುಳುಗುಳು ಅಂತ ಬಂದು ನಿಲ್ಲೋವರೆಗೂ. ಕ್ಯಾಪ್ ಮುಟ್ಟೋಕೆ ಈಗ್ಲೂ ನಂಗೆ ಭಯ, ಚಿಕ್ಕವನಿದ್ದಾಗ ಶಿರಾಡಿ ಘಾಟಲ್ಲಿ ಕಾದು ನಿಂತ ಲಾರಿಗೆ ಡ್ರೈವರ್ ಒದ್ದೆ ಗೋಣಿಚೀಲ ಹಾಕಿ ಕ್ಯಾಪ್ ತಿರುಗಿಸಿದಾಗ ಚಿಮ್ಮಿದ ಹಬೆ ಕಣ್ಣಲ್ಲೇ ಇದೆ, ಪೂರ್ತಿ ತಣ್ಣಗಾಗೋ ತನಕ ಕಾಯ್ತೀನಿ.

ಆಗಸ್ಟಲ್ಲಿ 104 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ, ಎಸಿ ಹಾಕ್ಕೊಂಡು, ಮುಕ್ಕಾಲು ಗಂಟೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದ್ದೆ. ಎಂಜಿನ್ ಬಿಸಿ ತೋರಿಸೋ ಗೇಜಿನ ಮುಳ್ಳು 210 ಡಿಗ್ರಿ ಫ್ಯಾರನ್‌ಹೀಟ್ ದಾಟ್ಲಿಲ್ಲ. ರೇಡಿಯೇಟರ್ ಪಕ್ಕದ ಸಂದಿಗಳಿಗೆ ಇನ್ನೂ ಫೋಮ್ ಅಂಟಿಸಿಲ್ಲ, ಗಾಳಿ ಅಲ್ಲಿಂದ ತಪ್ಪಿಸ್ಕೊಳ್ತಿದೆ, ಈ ಶನಿವಾರ ಅದು ಮಾಡ್ಬೇಕು.