ಹಳೇ ಕೀಪರನ್ನು ಉಳಿಸಿಕೊಳ್ಳೋದಾ, ಬಿಡೋದಾ? ತೀರ್ಮಾನ ಮಾಡೋದು ಹೀಗೆ

ಮೇ ತಿಂಗಳ ಕೊನೆಯ ಟೂರ್ನಿ ಮುಗಿಸಿ ಓಮ್ನಿಯಲ್ಲಿ ಊರಿಗೆ ಬರುವಾಗ ನಮ್ಮ ಕ್ರಿಕೆಟ್ ಟೀಮಿನಲ್ಲಿ ಪ್ರತಿ ವರ್ಷ ಒಂದೇ ಜಗಳ. ಕೀಪರಣ್ಣನನ್ನು ಮುಂದಿನ ವರ್ಷ ಆಡಿಸಬೇಕಾ, ಬೇಡವಾ? ಅವನಿಗೀಗ 44. ನನಗೆ ಇದರಲ್ಲಿ ಎರಡು ಕಷ್ಟ. ನಾನು ಟೀಮಿನ ಮ್ಯಾನೇಜರ್. ಅವನು ನನ್ನ ಹೆಂಡತಿಯ ತಮ್ಮ.

ಸಾಗರದಿಂದ ಆನಂದಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಹದಿನೆಂಟು ವರ್ಷದಿಂದ ಊರಿನ ಟೆನಿಸ್ ಬಾಲ್ ಟೀಮನ್ನು ನಡೆಸುತ್ತಿದ್ದೇನೆ. ನಡೆಸೋದು ಅಂದರೆ ಎಂಟ್ರಿ ಫೀ ಕಟ್ಟೋದು, ಪೆಟ್ರೋಲ್ ಹಾಕಿಸೋದು, ಬೈಸಿಕೊಳ್ಳೋದು. ಈ ಜಗಳ ಬಗೆಹರಿಸೋ ದಾರಿಯನ್ನು ಅರ್ಧ ಇಲ್ಲಿ ಕಲಿತೆ, ಇನ್ನರ್ಧ ಬೇಸ್‌ಬಾಲ್ ನೋಡಿ ಕಲಿತೆ. ನಗಬೇಡಿ. ಮಗಳು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದಾಳೆ. 2022ರ ಆಗಸ್ಟ್‌ನಲ್ಲಿ ನಾವಿಬ್ಬರೂ ಹೋಗಿದ್ದಾಗ ಅಳಿಯ ಆಟಕ್ಕೆ ಕರೆದುಕೊಂಡು ಹೋದ. ಅಲ್ಲಿನ ಕಾರ್ಡಿನಲ್ಸ್ ಟೀಮಿನ ಕ್ಯಾಚರ್ ಯಾಡಿಯರ್ ಮೊಲಿನಾಗೆ ಆಗ 40 ವರ್ಷ. 2004ರಿಂದ ಅದೊಂದೇ ಟೀಮು. ಮೊಣಕಾಲು ಕೈಕೊಟ್ಟು ಆಚೆ ಇದ್ದವನು ಅದೇ ತಿಂಗಳು ವಾಪಸ್ ಬಂದಿದ್ದ. ಉಳಿದವರು ಚೆಂಡು ನೋಡುತ್ತಿದ್ದರೆ ನಾನು ಅವನು ಕೂರೋದು, ಏಳೋದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಹೆಂಡತಿ, "ಥೇಟ್ ನಮ್ಮ ತಮ್ಮನ ಹಾಗೇ ಸೊಂಟ ಹಿಡ್ಕೊಂಡು ಏಳ್ತಾನೆ" ಅಂದಳು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕ್ಯಾಚರ್ ಅಂದರೆ ನಮ್ಮ ಕೀಪರ್ ಇದ್ದಂತೆ, ಆದರೆ ಕೆಲಸ ಜಾಸ್ತಿ. ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಆಟಕ್ಕೆ ನೂರಕ್ಕೂ ಹೆಚ್ಚು ಚೆಂಡು ಹಿಡಿಯಬೇಕು. ಮುಂದಿನ ಚೆಂಡು ಯಾವುದು ಅಂತ ಪಿಚರ್‌ಗೆ, ಅಂದರೆ ಅವರ ಬೌಲರ್‌ಗೆ, ಹೇಳೋದೂ ಸಾಮಾನ್ಯವಾಗಿ ಅವನೇ. ಒಂದು ಸೀಸನ್‌ಗೆ ಟೀಮು ಆಡೋದು 162 ಆಟ. ಮೊಣಕಾಲಿನ ಗತಿ ನೀವೇ ಯೋಚಿಸಿ.

ಈಗ ವಿಷಯಕ್ಕೆ. ಮೊದಲನೆಯದು, ಸೋತ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ. ಫೈನಲ್‌ನಲ್ಲಿ ಬಿಟ್ಟ ಒಂದು ಕ್ಯಾಚು ಹದಿನೈದು ದಿನ ಕಣ್ಣಿಗೆ ಕಟ್ಟಿದಂತೆ ಇರುತ್ತದೆ. ಮಳೆ ಹಿಡಿಯಲಿ, ಗದ್ದೆಯಲ್ಲಿ ನೀರು ನಿಲ್ಲಲಿ. ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋ ಕೆಲಸವೂ ಒಂದು ಸುತ್ತು ಮುಗಿಯಲಿ. ಆಮೇಲೆ ಸ್ಕೋರ್ ಪುಸ್ತಕ ತೆಗೆದು ಕೂರಿ. ಸ್ಕೋರ್ ಪುಸ್ತಕ ಇಟ್ಟಿಲ್ಲವಾ? ಹಾಗಾದರೆ ಈ ವರ್ಷ ಯಾರನ್ನೂ ತೆಗೆಯೋ ಹಕ್ಕು ನಿಮಗಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ಕಾದರೂ ತಗೊಳ್ಳಿ.

ವಯಸ್ಸನ್ನು ಲೆಕ್ಕಕ್ಕೆ ತಗೊಳ್ಳಬೇಡಿ, ಮೊಣಕಾಲನ್ನು ತಗೊಳ್ಳಿ. ಅದನ್ನೂ ಬೆಳಿಗ್ಗೆಯ ಮೊದಲ ಮ್ಯಾಚಿನಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ. ಮೊದಲ ಮ್ಯಾಚಿನಲ್ಲಿ ನಮ್ಮ ಭಾಮೈದ ಈಗಲೂ ಇಪ್ಪತ್ತೈದರ ಹುಡುಗ. ಹೊನಲು ಬೆಳಕಿನ ಟೂರ್ನಿಯಲ್ಲಿ ರಾತ್ರಿ ಎರಡು ಗಂಟೆಗೆ ಮೂರನೇ ಮ್ಯಾಚ್ ಬರುತ್ತಲ್ಲ, ಆಗ ನೋಡಿ. ಚೆಂಡು ಬರೋ ಮೊದಲೇ ಎದ್ದು ನಿಲ್ಲುತ್ತಾನಾ? ಕಾಲ ಬುಡಕ್ಕೆ ಬಂದ ಚೆಂಡಿಗೆ ಕೈ ಮಾತ್ರ ಹೋಗಿ ಸೊಂಟ ಅಲ್ಲೇ ಉಳಿಯುತ್ತದಾ? ಕೊಯ್ದ ಗದ್ದೆಯಲ್ಲಿ ಕೂಳೆಗೆ ಬಡಿದು ಚೆಂಡು ತಿರುಗಿದಾಗ ಹಾರುತ್ತಾನಾ, ಕಾಲು ಅಡ್ಡ ಹಾಕುತ್ತಾನಾ? ಕಾಲು ಅಡ್ಡ ಹಾಕೋಕೆ ಶುರು ಮಾಡಿದನೆಂದರೆ ಮೊಣಕಾಲು ಮಾತಾಡುತ್ತಿದೆ ಅಂತ ಅರ್ಥ.

ಕೈ ಪರೀಕ್ಷೆಗೆ ಬೇಸ್‌ಬಾಲ್‌ನವರ ಹತ್ತಿರ ಒಳ್ಳೆ ಅಳತೆ ಇದೆ. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿದ ಕ್ಷಣದಿಂದ, ಅವನು ಎಸೆದು ಅದು ಸೆಕೆಂಡ್ ಬೇಸ್‌ನಲ್ಲಿ ನಿಂತವನ ಗ್ಲೌಸ್ ಮುಟ್ಟೋವರೆಗಿನ ಸಮಯ. ಅದಕ್ಕೆ ಪಾಪ್ ಟೈಮ್ ಅನ್ನುತ್ತಾರೆ. ದೂರ ಸುಮಾರು 127 ಅಡಿ, ಸಮಯ ಹೆಚ್ಚುಕಮ್ಮಿ 2 ಸೆಕೆಂಡ್. ನಮಗೆ ಅಷ್ಟೆಲ್ಲ ಬೇಡ. ಮೊಬೈಲಿನಲ್ಲಿ ಸ್ಲೋ ಮೋಷನ್ ಇಟ್ಟು, ಚೆಂಡು ಗ್ಲೌಸ್ ಸೇರಿದ್ದರಿಂದ ಬೇಲ್ಸ್ ಹಾರೋವರೆಗೆ ನೋಡಿ. ಆದರೆ ಊರಿನ ಹೊಸ ಹುಡುಗನ ಜೊತೆ ಹೋಲಿಸಬೇಡಿ. ಹಳೇ ಕೀಪರನದೇ ಹೋದ ವರ್ಷದ ವಿಡಿಯೋ ಜೊತೆ ಹೋಲಿಸಿ. ನಮ್ಮವನ ಕೈ ಒಂಚೂರೂ ನಿಧಾನ ಆಗಿರಲಿಲ್ಲ. ಆಗೋದಾದರೂ ಹೇಗೆ? ಕೊಯ್ಲಿನ ಕಾಲದಲ್ಲಿ ಮರದ ಮೇಲಿಂದ ಹಗ್ಗದಲ್ಲಿ ಜಾರಿ ಬರೋ ಅಡಿಕೆ ಕೊನೆಯನ್ನು ಕೆಳಗೆ ನಿಂತು ಹಿಡಿಯುವವನು ಅವನೇ. ಒಂದು ಕೊನೆಯೂ ನೆಲ ಮುಟ್ಟಬಾರದು. ಅದಕ್ಕಿಂತ ಪ್ರಾಕ್ಟೀಸ್ ಬೇಕಾ?

ಬ್ಯಾಟಿಂಗ್ ವಿಷಯ ಒಂದೇ ಮಾತಿನಲ್ಲಿ ಮುಗಿಸಿ. ಕೀಪರ್ ಎಂಟನೆಯವನಾಗಿ ಬಂದು ಸೊನ್ನೆಗೆ ಔಟಾದರೆ ತಲೆ ಕೆಡಿಸಿಕೊಳ್ಳಬೇಡಿ. ಧೋನಿಯನ್ನು ಇಲ್ಲಿ ಎಳೆದು ತರಲೂ ಬೇಡಿ. ಅವರ ಕಥೆಯೇ ಬೇರೆ.

ಕೊನೆಗೆ ನಿರ್ಧಾರ ನಿಲ್ಲೋದು ಬೌಲರ್‌ಗಳ ಮೇಲೆ. ಬಹಳ ಜನ ಎಡವೋದೂ ಇಲ್ಲೇ.

ಮೊಲಿನಾ 2022ಕ್ಕೆ ಆಟ ಬಿಟ್ಟ. ಆ ವರ್ಷ ಅವನು ಬ್ಯಾಟ್ ಹಿಡಿದ ಹತ್ತು ಸಲದಲ್ಲಿ ಎರಡು ಸಲ ಹಿಟ್ ಹೊಡೆದಿದ್ದರೆ ಹೆಚ್ಚು. ಟೀಮಿನವರು ಡಿಸೆಂಬರ್‌ನಲ್ಲಿ ವಿಲ್ಸನ್ ಕಾಂಟ್ರೆರಾಸ್‌ನನ್ನು 5 ವರ್ಷಕ್ಕೆ 8.75 ಕೋಟಿ ಡಾಲರ್ ಕೊಟ್ಟು ತಂದರು. ಒಳ್ಳೇ ಹೊಡೆತಗಾರ, ಪ್ರಾಯದವನು. ನಾನು ಊರಲ್ಲಿ ಬೆಳಗಿನ ಜಾವ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಸ್ಕೋರ್ ನೋಡುತ್ತಿದ್ದೆ. 2023ರ ಮೇನಲ್ಲಿ ಕಾಂಟ್ರೆರಾಸ್‌ನನ್ನು ಕ್ಯಾಚರ್ ಜಾಗದಿಂದಲೇ ಕೆಲವು ದಿನ ಎಬ್ಬಿಸಿಬಿಟ್ಟರು. ಪಿಚರ್‌ಗಳ ಜೊತೆ ತಾಳ ಕೂಡಲಿ ಅಂತ. ಆಮೇಲೆ ವಾಪಸ್ ಕೂರಿಸಿದರು. ಆ ವರ್ಷ ಟೀಮು 71 ಗೆದ್ದು 91 ಸೋತು ತನ್ನ ಗುಂಪಿನಲ್ಲಿ ಕೊನೆಗೆ ನಿಂತಿತು. ಎಲ್ಲಾ ತಪ್ಪು ಅವನದಲ್ಲ, ಪಿಚರ್‌ಗಳೇ ಸೊರಗಿದ್ದರು. ಆದರೂ ಹತ್ತೊಂಬತ್ತು ವರ್ಷ ಒಬ್ಬನೇ ಕೂತಿದ್ದ ಜಾಗಕ್ಕೆ ಇನ್ನೊಬ್ಬ ಬಂದು ಕೂರೋದು ಸುಲಭ ಅಲ್ಲ ಅಂತ ನನಗೆ ಅರ್ಥವಾಯಿತು.

ನಮ್ಮಲ್ಲೂ ಅದೇ ಆಯಿತು. ಹೋದ ವರ್ಷ ಎರಡು ಟೂರ್ನಿಗೆ ಹೊಸ ಹುಡುಗನನ್ನು ನಿಲ್ಲಿಸಿದೆ. ಚುರುಕು ಹುಡುಗ, ಬೈ ರನ್ನು ಅರ್ಧಕ್ಕರ್ಧ ಕಮ್ಮಿ. ಎಲ್ಲರೂ ಖುಷಿ. ಮಳೆಗಾಲದಲ್ಲಿ ಪುಸ್ತಕ ತೆಗೆದು ನೋಡಿದರೆ ನಮ್ಮ ಎಡಗೈ ಸ್ಲೋ ಬೌಲರ್ ಆ ಎರಡು ಟೂರ್ನಿಯಲ್ಲೇ ಸಿಕ್ಕಾಪಟ್ಟೆ ಹೊಡೆಸಿಕೊಂಡಿದ್ದ. ಕರೆದು ಕೇಳಿದೆ. ಮೊದಲು ಹೇಳಲಿಲ್ಲ. ಆಮೇಲೆ ಅಂದ: "ಅಣ್ಣ ಇದ್ರೆ ಲೆಗ್ ಸೈಡಲ್ಲಿ ಕಾಲ ಬುಡಕ್ಕೆ ನಿಧಾನ ಹಾಕ್ತೀನಿ. ಇವ್ನು ಬಿಟ್ಬಿಟ್ರೆ ಅಂತ ಹೆದರಿ ಹಾಕ್ಲೇ ಇಲ್ಲ." ನೋಡಿ, ಹುಡುಗ ಬೈ ಬಿಡದೇ ಇದ್ದದ್ದು ಅವನಿಗೆ ಕಷ್ಟದ ಚೆಂಡು ಬರದೇ ಇದ್ದದ್ದಕ್ಕೆ. ಕೀಪರ್ ಹೆಸರಿನ ಮುಂದೆ ಏನೂ ಕಾಣಲ್ಲ, ಪೆಟ್ಟು ಬೌಲರ್‌ನ ಖಾತೆಗೆ ಬೀಳುತ್ತದೆ. ಅದಕ್ಕೇ ಎರಡು ಕೀಪರ್‌ಗಳ ಲೆಕ್ಕ ಹಾಕುವಾಗ ಬೌಲರ್ ಒಬ್ಬೊಬ್ಬರದೂ ಬೇರೆ ಬೇರೆ ಬರೆಯಿರಿ. ಮತ್ತೆ ಪ್ರತಿಯೊಬ್ಬನನ್ನೂ ಒಂಟಿಯಾಗಿ ಕರೆದು ಕೇಳಿ. ಓಮ್ನಿಯಲ್ಲಿ ಎಲ್ಲರ ಎದುರು ಕೇಳಿದರೆ ನಿಜ ಹೊರಬರಲ್ಲ. ಕೀಪರ್ ಮ್ಯಾನೇಜರನ ಭಾಮೈದನಾದರೆ ಮೊದಲೇ ಬರಲ್ಲ.

ಹುಡುಗನನ್ನು ತಯಾರು ಮಾಡೋದೂ ಇದರಿಂದಲೇ ಶುರು. ಚೆನ್ನಾಗಿ ಬ್ಯಾಟ್ ಬೀಸುವವನ ಕೈಗೆ ಗ್ಲೌಸ್ ಕೊಟ್ಟು ಕೀಪರ್ ಮಾಡಬೇಡಿ. ನಿಮ್ಮ ಅತಿ ಕಷ್ಟದ ಬೌಲರ್ ಯಾರೋ, ಅವನ ನೂರು ಚೆಂಡು ಹಿಡಿಯಲಿ, ಹಳಬ ಪಕ್ಕದಲ್ಲಿ ನಿಂತು ನೋಡಲಿ.

ಇಷ್ಟಾದ ಮೇಲೂ ಉಳಿಸೋದಾ ಬಿಡೋದಾ ಅಂತ ಎರಡೇ ದಾರಿ ಅಂದುಕೊಳ್ಳಬೇಡಿ. ಬೇಸ್‌ಬಾಲ್‌ನಲ್ಲಿ ರಾತ್ರಿ ಆಟ ಆಡಿ ಮರುದಿನ ಹಗಲು ಆಟ ಇದ್ದರೆ ಸಾಮಾನ್ಯವಾಗಿ ಎರಡನೇ ಕ್ಯಾಚರ್ ಕೂರುತ್ತಾನೆ. ನಾವೂ ಹಾಗೇ ಮಾಡಿದೆವು. ದಿನದ ಮೊದಲ ಮ್ಯಾಚ್ ಹುಡುಗನಿಗೆ, ಸೆಮಿಫೈನಲ್ ಮತ್ತು ಫೈನಲ್ ಹಳಬನಿಗೆ. ಹುಡುಗ ನಿಂತಾಗ ಹಳಬ ಮಿಡ್ ಆಫ್‌ನಲ್ಲಿ, ಬೌಲರ್‌ಗೆ ಮಾತು ಕೇಳೋ ದೂರದಲ್ಲಿ.

ಇನ್ನು ಇದನ್ನು ಹಳಬನಿಗೆ ಹೇಳೋದು ಹೇಗೆ? ಇದರಲ್ಲಿ ನಾನು ಒಮ್ಮೆ ಕೆಟ್ಟದಾಗಿ ಎಡವಿದ್ದೇನೆ. ಆ ಎರಡು ಟೂರ್ನಿಯಲ್ಲಿ ಮೊದಲನೆಯದಕ್ಕೆ ಟೀಮಿನ ಪಟ್ಟಿ ಬರೆದುಕೊಟ್ಟೆ, ಭಾಮೈದನಿಗೆ ಹೇಳೋ ಧೈರ್ಯ ಬರಲಿಲ್ಲ. ಅವನು ಹೊಸನಗರದ ಕಡೆ ಸಂಬಂಧಿಕರ ಮನೆಗೆ ಹೋಗಿದ್ದ, ಬರಲ್ಲ ಅಂದುಕೊಂಡೆ. ಬಂದ. ಮೈಕಿನಲ್ಲಿ ಹನ್ನೊಂದು ಹೆಸರು ಓದುವಾಗ ಅವನು ಬೌಂಡರಿ ಗೆರೆ ಆಚೆ ಕೂತು ಒಂದು ಪ್ಯಾಡು ಕಟ್ಟಿಯಾಗಿತ್ತು. ಹೆಸರು ಮುಗಿದವು. ಅವನು ಬಗ್ಗಿ ಬಕಲ್ ಬಿಚ್ಚಿದ. ಪ್ಯಾಡನ್ನು ಹುಡುಗನಿಗೆ ಕೊಟ್ಟು, ಸ್ಕೂಟಿ ಹತ್ತಿ ಹೋದ. ನಾಲ್ಕು ತಿಂಗಳು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಹೆಂಡತಿ ಏನು ಅಂದಳು ಅಂತ ಇಲ್ಲಿ ಬರೆಯೋಕಾಗಲ್ಲ.

ದೊಡ್ಡವರೂ ಈ ತಪ್ಪು ಮಾಡಿದ್ದಾರೆ. ಚಿಕಾಗೊ ವೈಟ್ ಸಾಕ್ಸ್‌ನ ಕಾರ್ಲ್‌ಟನ್ ಫಿಸ್ಕ್ 1993ರ ಜೂನ್ 22ಕ್ಕೆ ಕ್ಯಾಚರ್ ಆಗಿ 2,226ನೇ ಆಟ ಆಡಿದ. ಅಲ್ಲಿವರೆಗೆ ಯಾರೂ ಅಷ್ಟು ಆಡಿರಲಿಲ್ಲ. ವಯಸ್ಸು 45, ಆಟ ಕುಂದಿದ್ದೂ ನಿಜ. ಆದರೆ ಆರೇ ದಿನಕ್ಕೆ, ಟೀಮು ಪರ ಊರಿನಲ್ಲಿದ್ದಾಗ, ಅವನನ್ನು ಕೈಬಿಟ್ಟರು.

ಆದ್ದರಿಂದ ಸೀಸನ್ ಶುರುವಾಗೋ ಮೊದಲೇ ಹೇಳಿ. ಅವನ ಮನೆಗೇ ಹೋಗಿ, ಒಬ್ಬರೇ ಹೋಗಿ. ನಾನು ಈ ಸಲ ದೀಪಾವಳಿ ಮುಗಿದ ಮೇಲೆ ಸ್ಕೋರ್ ಪುಸ್ತಕ ಹಿಡಿದು ಹೋದೆ. ಸುತ್ತಿ ಬಳಸಿ ಮಾತಾಡಲಿಲ್ಲ. ಸೆಮಿ, ಫೈನಲ್ ನಿಂದು, ಉಳಿದದ್ದು ಹುಡುಗಂದು ಅಂದೆ. ಅವನು ಪುಸ್ತಕ ತೆರೆಯಲೂ ಇಲ್ಲ. ಕಷಾಯದ ಲೋಟ ಕೆಳಗಿಟ್ಟು, "ಸೆಮಿಗೇ ಹೋಗ್ಲಿಲ್ಲ ಅಂದ್ರೆ, ಭಾವ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: "ಆ ಹುಡುಗಂಗೆ ನನ್ ಗ್ಲೌಸ್ ಕೊಡ್ಬೇಡಿ. ಅವ್ನ ಬೆರಳು ಉದ್ದ, ತುದೀಲಿ ಗಿಡ್ಡ ಆಗುತ್ತೆ. ಸಾಗರಕ್ಕೆ ಅವನ್ನೇ ಕರ್ಕೊಂಡು ಹೋಗಿ, ಹಾಕಿಸಿ ನೋಡಿ ತಗೊಳ್ಳಿ."