ಹಡಗಿನ ಡಿನ್ನರ್‌ಗೆ ನನ್ನ ಮಕ್ಕಳ ಬಟ್ಟೆ

ಕ್ರೂಸ್ ಬುಕ್ ಮಾಡಿದ ಗೆಳತಿಯರು ಫೋನ್ ಮಾಡಿದರೆ ಮೊದಲು ಕೇಳುವುದೇ ಇದು: "ಫಾರ್ಮಲ್ ನೈಟ್ ಅಂತೆ, ಮಕ್ಕಳಿಗೂ ಸೂಟು-ಬೂಟು ತಗೋಬೇಕಾ?" ಬೇಡ. ಒಂದು ಸಂಜೆಗೋಸ್ಕರ ಐದು ವರ್ಷದ ಹುಡುಗನಿಗೆ ಸೂಟ್ ತಗೊಳ್ಳುವುದು ಸುಮ್ನೆ ದುಡ್ಡು ದಂಡ. ಬೀರುವಿನಲ್ಲಿರುವ ಹಬ್ಬದ ಬಟ್ಟೆಯನ್ನೇ ಸ್ವಲ್ಪ ಸರಿಮಾಡಿಕೊಂಡರೆ ಸಾಕು.

ನಾವಿರುವುದು ಫ್ಲೋರಿಡಾದಲ್ಲಿ. ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕ್ಯಾನವೆರಲ್ ಬಂದರುಗಳೆಲ್ಲವೂ ಕಾರಿನಲ್ಲಿ ಹೋಗುವಷ್ಟು ದೂರ. ಹಾಗಾಗಿ ಸ್ಕೂಲಿಗೆ ರಜೆ ಬಂದರೆ ಬಹಾಮಾಸ್ ಅಥವಾ ಕೆರಿಬಿಯನ್ ಕಡೆಗೆ ಹಡಗು ಹತ್ತುವುದು ನಮ್ಮ ಮನೆಯಲ್ಲಿ ರೂಢಿ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು.

ಮೊದಲು ನಿಯಮ ನೋಡಿ. ರಾಯಲ್ ಕೆರಿಬಿಯನ್‌ನಂಥ ಕಂಪನಿಯ ಹಡಗಿನಲ್ಲಿ ಏಳು ರಾತ್ರಿಯ ಪ್ರಯಾಣವಾದರೆ ಸಾಮಾನ್ಯವಾಗಿ ಎರಡು ರಾತ್ರಿ ಫಾರ್ಮಲ್, ಅಂದರೆ ಎಲ್ಲರೂ ಅಲಂಕಾರ ಮಾಡಿಕೊಂಡು ಊಟಕ್ಕೆ ಬರುವ ಸಂಜೆ, ಇರುತ್ತದೆ. ಕಾರ್ನಿವಲ್‌ನವರು ಇದನ್ನೇ 'ಎಲಿಗಂಟ್ ನೈಟ್' ಅನ್ನುತ್ತಾರೆ. ನಾರ್ವೀಜಿಯನ್‌ನಲ್ಲಿ ಫಾರ್ಮಲ್ ಅನ್ನುವ ಕಡ್ಡಾಯವೇ ಇಲ್ಲ. ಕ್ಯುನಾರ್ಡ್‌ನವರದು ಮಾತ್ರ ಬೇರೆ ಶಿಸ್ತು, ಅಲ್ಲಿ ಸಂಜೆ ಆರರ ನಂತರ ಹೆಚ್ಚಿನ ಜಾಗಗಳಲ್ಲಿ ನೀಟಾಗಿಯೇ ಇರಬೇಕು. ಇನ್ನುಳಿದ ಕಡೆ ಡೈನಿಂಗ್ ರೂಮಿನವರು ನಿಜವಾಗಿ ತಡೆಯುವುದು ಈಜುಡುಗೆಯನ್ನು, ಬರಿಗಾಲನ್ನು, ಬಾತ್‌ರೋಬನ್ನು. ಪೂಲಿನಿಂದ ಎದ್ದವರು ನೇರ ಊಟಕ್ಕೆ ಬರಬಾರದು, ಅಷ್ಟೇ. ಕಾಲರ್ ಇರುವ ಟೀಶರ್ಟ್, ಉದ್ದ ಪ್ಯಾಂಟ್ ಹಾಕಿಕೊಂಡ ಮಗುವನ್ನು ಫಾರ್ಮಲ್ ನೈಟ್‌ನಲ್ಲಿ ವಾಪಸ್ ಕಳಿಸಿದ್ದನ್ನು ನಾನಂತೂ ನೋಡಿಲ್ಲ. ಮಗು ಹಟ ಹಿಡಿದರೆ ಮೇಲಿನ ಡೆಕ್ಕಿನಲ್ಲಿ ಬಫೆ ಇದ್ದೇ ಇರುತ್ತದೆ.

ಹಾಗಂತ ಫಾರ್ಮಲ್ ನೈಟನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಅದು ನಿಜವಾದ ಸಂಭ್ರಮ. ಇಡೀ ಹಡಗೇ ಮದುವೆಮನೆಯಂತೆ ಅಲಂಕಾರ ಮಾಡಿಕೊಂಡು ಓಡಾಡುತ್ತಿರುತ್ತದೆ. ಮೆಟ್ಟಿಲ ಬಳಿ ಫೋಟೊಗ್ರಾಫರ್‌ಗಳು ಪರದೆ ಕಟ್ಟಿಕೊಂಡು ನಿಂತಿರುತ್ತಾರೆ. ಅವತ್ತು ನನ್ನ ಮಗಳು ರೇಷ್ಮೆ ಉದ್ದಲಂಗ ಹಾಕುತ್ತಾಳೆ, ಮಗ ಕುರ್ತಾ ಪೈಜಾಮ. ಎಷ್ಟೋ ಜನ ನಿಂತು ಚೆನ್ನಾಗಿದೆ ಅನ್ನುತ್ತಾರೆ. ಹಡಗಿನ ಕೆಲಸದವರಲ್ಲಿ ಮಂಗಳೂರು, ಗೋವಾ ಕಡೆಯವರು ಸಾಕಷ್ಟು ಇರುತ್ತಾರೆ. ಲಂಗ ನೋಡಿದರೆ ಸಾಕು, ಅವರೇ ಮಾತಾಡಿಸಿಕೊಂಡು ಬರುತ್ತಾರೆ.

ಲಂಗದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಷ್ಟವಾಗುವುದು ಇಲ್ಲೇ. ಡೈನಿಂಗ್ ರೂಮಿನಲ್ಲಿ ಸ್ಟಾರ್ಟರ್, ಮೇನ್, ಡೆಸರ್ಟ್ ಒಂದೊಂದಾಗಿ ಬರುತ್ತವೆ, ಮುಗಿಯಲು ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತು ಮಗು ಕೂತಿರಬೇಕಲ್ವಾ? ಬ್ಲೌಸಿನ ಜರಿ ಅಂಚು ಕಂಕುಳಲ್ಲಿ ಚುಚ್ಚಿದರೆ ಸೂಪ್ ಬರುವ ಮೊದಲೇ ಗೋಳು ಶುರು. ಅದಕ್ಕೆ ನಾನು ಬ್ಲೌಸಿನ ಒಳಗೆ ಪೂರ್ತಿ ಮಲ್ ಬಟ್ಟೆಯ ಲೈನಿಂಗ್ ಕೊಡಿಸುತ್ತೇನೆ. ತೋಳಿನ ಅಂಚಿನಲ್ಲಿ ಮಲ್ ಬಟ್ಟೆಯನ್ನು ಹೊರಗೆ ಮಡಿಚಿ ಹೊಲಿಸಿದರೆ ಜರಿ ಮೈಗೆ ತಾಗುವುದೇ ಇಲ್ಲ. ಲಂಗದ ಸೊಂಟಕ್ಕೆ ಲಾಡಿ ಬೇಡ, ಅಗಲ ಎಲಾಸ್ಟಿಕ್ ಹಾಕಿಸಿ. ಊಟ ಜಾಸ್ತಿಯಾದರೂ ಬಿಗಿಯುವುದಿಲ್ಲ, ಬಾತ್‌ರೂಮಿಗೆ ಓಡುವಾಗ ಗಂಟು ಬಿಚ್ಚುವ ಪರದಾಟವೂ ಇಲ್ಲ.

ಉದ್ದ ಕೂಡ ಮುಖ್ಯ. ದೊಡ್ಡ ಹಡಗುಗಳ ಡೈನಿಂಗ್ ರೂಮು ಎರಡು-ಮೂರು ಅಂತಸ್ತು ಇರುತ್ತದೆ, ಮಕ್ಕಳಿಗೆ ಆ ಮೆಟ್ಟಿಲಿಳಿಯುವುದೇ ಖುಷಿ. ಲಂಗ ಪಾದ ಮುಚ್ಚುವಂತಿದ್ದರೆ ಎಡವುತ್ತಾರೆ. ನಮ್ಮಲ್ಲಿ ಬೆಳೆಯುವ ಹುಡುಗಿಯರಿಗೆ ಲಂಗದಲ್ಲಿ ಮಡಿಕೆ ಇಟ್ಟು ಹೊಲಿಸುತ್ತಾರಲ್ಲ, ಅದು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಒಂದು ಮಡಿಕೆ ಹೆಚ್ಚಿಗೆ ಇಟ್ಟು ಕಣಕಾಲಿಗಿಂತ ಎರಡು ಬೆರಳು ಮೇಲೆ ನಿಲ್ಲಿಸುತ್ತೇನೆ. ಮುಂದಿನ ವರ್ಷ ಒಂದು ಹೊಲಿಗೆ ಬಿಚ್ಚಿದರೆ ಮತ್ತೆ ಸರಿಯಾಗುತ್ತದೆ.

ಕಾಲಿಗೆ ಬಕಲ್ ಇರುವ ಚಪ್ಪಟೆ ಶೂ. ಹಡಗು ಸ್ವಲ್ಪ ಅಲುಗಾಡಿದರೂ ಹೀಲ್ಸ್ ಹಾಕಿದ ಮಗು ವಾಲುತ್ತದೆ.

ಮಗನ ಕುರ್ತಾ ಹತ್ತಿಯದು, ಗಾಢ ಬಣ್ಣದ್ದು. ಟೊಮ್ಯಾಟೊ ಸಾಸು, ಚಾಕೊಲೇಟು ಎಲ್ಲವೂ ಎದೆಯ ಮೇಲೇ ಬೀಳುವುದು. ಕುರ್ತಾ ಒಳಗೆ ಮೆತ್ತನೆ ಬನಿಯನ್ ಹಾಕಿರುತ್ತೇನೆ. ಡೈನಿಂಗ್ ರೂಮಿನ ಎಸಿ ಬಹಳ ತಣ್ಣಗಿರುತ್ತದೆ. ಹೊರಗೆ ಕೆರಿಬಿಯನ್ ಬಿಸಿಲು ಇದೆ ಎಂದು ತೆಳು ಬಟ್ಟೆಯಷ್ಟೇ ತಂದವರ ಮಕ್ಕಳು ನಡುಗುತ್ತಾ ಕೂತಿರುತ್ತಾರೆ. ಇಬ್ಬರಿಗೂ ಒಂದೊಂದು ಸ್ವೆಟರ್ ಕುರ್ಚಿಯ ಬೆನ್ನಿಗೆ ನೇತುಹಾಕಿಯೇ ಕೂರುವುದು ನನ್ನ ಅಭ್ಯಾಸ.

ಇಸ್ತ್ರಿಯ ಯೋಚನೆ ಮನೆಯಲ್ಲೇ ಮುಗಿಸಿ. ಬೆಂಕಿಯ ಭಯಕ್ಕೆ ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ಎರಡನ್ನೂ ಕ್ಯಾಬಿನ್‌ಗೆ ಬಿಡುವುದಿಲ್ಲ. ಡಿಸ್ನಿ ಹಡಗುಗಳಲ್ಲಿ ಲಾಂಡ್ರಿ ಕೋಣೆ ಇದೆ, ಇಸ್ತ್ರಿ ಅಲ್ಲೇ ಸಿಗುತ್ತದೆ. ಎಲ್ಲ ಕಡೆ ಈ ಅನುಕೂಲ ಇಲ್ಲ. ಲಂಗವನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ಮೇಲ್ಭಾಗದಲ್ಲಿ ಇಡುತ್ತೇನೆ, ಕ್ಯಾಬಿನ್ ತಲುಪಿದ ತಕ್ಷಣ ತೂಗುಹಾಕುತ್ತೇನೆ. ಕ್ಯಾಬಿನ್ ಗೋಡೆಗಳು ಸಾಮಾನ್ಯವಾಗಿ ಲೋಹದವು, ಮ್ಯಾಗ್ನೆಟ್ ಕೊಕ್ಕೆ ಗಟ್ಟಿಯಾಗಿ ಅಂಟುತ್ತದೆ. ಕುರ್ತಾದ ಸುಕ್ಕು ಹೋಗಲು ಬಿಸಿನೀರಿನ ಸ್ನಾನ ಮಾಡುವಾಗ ಬಾತ್‌ರೂಮಿನಲ್ಲಿ ನೇತುಹಾಕಿದರೆ ಸಾಕು. ರೇಷ್ಮೆಯನ್ನು ಮಾತ್ರ ಹಬೆಗೆ ಹಿಡಿಯಬೇಡಿ, ನೀರಿನ ಕಲೆ ಉಳಿಯುತ್ತದೆ.

ಉಳಿದ ರಾತ್ರಿಗಳಿಗೆ ಮಗಳಿಗೆ ಕಾಟನ್ ಫ್ರಾಕು, ಮಗನಿಗೆ ಪೋಲೊ ಟೀಶರ್ಟ್, ಪ್ಯಾಂಟ್. ಒಂದು ಫ್ರಾಕನ್ನು ಎರಡು ರಾತ್ರಿ ಹಾಕಿದರೆ ಯಾರೂ ಲೆಕ್ಕ ಇಡುವುದಿಲ್ಲ. ಡಿಸ್ನಿಯಲ್ಲಿ ಪೈರೇಟ್ ನೈಟ್ (ಕಡಲ್ಗಳ್ಳರ ವೇಷದ ರಾತ್ರಿ) ಇದ್ದರೆ ಪಟ್ಟೆಪಟ್ಟೆ ಟೀಶರ್ಟ್, ತಲೆಗೆ ಒಂದು ಕೆಂಪು ಬಟ್ಟೆ, ಅಷ್ಟಕ್ಕೇ ಮಕ್ಕಳು ಕುಣಿದಾಡುತ್ತಾರೆ. ಇನ್ನೊಂದು ಎಚ್ಚರಿಕೆ, ಇದು ಊಟಕ್ಕೆ ಸೇರಿದ್ದಲ್ಲದಿದ್ದರೂ ಹೇಳಲೇಬೇಕು. ಬಾರ್ಬಡೋಸ್‌ನಲ್ಲಿ ಮಿಲಿಟರಿ ಡಿಸೈನಿನ (ಕ್ಯಾಮೊಫ್ಲಾಜ್) ಬಟ್ಟೆ ಹಾಕುವುದು ಅಪರಾಧ, ಮಕ್ಕಳಿಗೂ ವಿನಾಯಿತಿ ಇಲ್ಲ. ಕೆರಿಬಿಯನ್‌ನ ಇನ್ನೂ ಕೆಲವು ದ್ವೀಪಗಳಲ್ಲಿ ಇದೇ ಕಾನೂನು ಇದೆ. ಅಂಥ ಚಡ್ಡಿಗಳನ್ನು ಮನೆಯಲ್ಲೇ ಬಿಡಿ.

ಸಣ್ಣ ಮಕ್ಕಳಿದ್ದರೆ ಮೊದಲ ಪಂಕ್ತಿಯ ಊಟವನ್ನೇ ಆರಿಸಿಕೊಳ್ಳಿ. ಎಂಟರ ನಂತರದ ಪಂಕ್ತಿಯಲ್ಲಿ ಎಷ್ಟು ಮೆತ್ತನೆಯ ಬಟ್ಟೆ ಹಾಕಿದರೂ ಮಗು ತಟ್ಟೆಯ ಮುಂದೆ ತೂಕಡಿಸುತ್ತದೆ.

ಹಡಗು ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಕೊಟ್ಟಿರುತ್ತೇವೆ. ಅವು ಕ್ಯಾಬಿನ್ ಬಾಗಿಲಿಗೆ ಬರುವುದು ಕೆಲವೊಮ್ಮೆ ರಾತ್ರಿಯಾಗುತ್ತದೆ. ಮೊದಲ ರಾತ್ರಿಯ ಊಟದ ಬಟ್ಟೆ ಕೈಚೀಲದಲ್ಲಿರಲಿ. ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಮಲಗುವ ಮೊದಲೇ ಹೊರಗಿಡಬೇಕು. ಅವತ್ತು ಊಟಕ್ಕೆ ಹಾಕಿದ ಬಟ್ಟೆಯನ್ನೂ ಅದರೊಳಗೆ ಸೇರಿಸಿಬಿಡುತ್ತೇನೆ. ಬೆಳಿಗ್ಗೆ ಇಳಿಯಲು ಒಂದೊಂದು ಜೊತೆ ಬಟ್ಟೆ ಮತ್ತು ಶೂ ಹೊರಗೆ ತೆಗೆದಿಟ್ಟಿದ್ದೇನಾ ಎಂದು ನೋಡಿಕೊಂಡೇ ಜಿಪ್ ಎಳೆಯುವುದು.